4013ನೇ ಸ್ಟಿಕ್ಕರ್

ಹನ್ನೆರಡು ಜನ ರೋಗಿಗಳ ಕಣ್ಣೆದುರಿಗೇ ಸ್ಪಂದನಳ ಬ್ಯಾಗನ್ನು ಮೇಜಿನ ಮೇಲೆ ಸುರಿದು ಜಾಲಾಡಿದ್ದರು. ಊಟದ ಡಬ್ಬಿ, ಬಾಚಣಿಗೆ, ಬಸ್ ಪಾಸು, ಅರ್ಧ ತಿಂದಿಟ್ಟ ಕಡಲೆಮಿಠಾಯಿ. ಸಿಕ್ಕಿದ್ದು ಅಷ್ಟೇ. ಆದರೂ ಲ್ಯಾಬಿನ ಮಾಲೀಕ ಸಿದ್ದಲಿಂಗೇಶ್ ಎಲ್ಲರಿಗೂ ಕೇಳುವ ಹಾಗೆ ಕಳ್ಳಿ ಎಂದು ಕೂಗಿ ಅವಳನ್ನು ಹೊರಗೆ ಕಳಿಸಿದ್ದರು.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಅವಳು ಬಸವೇಶ್ವರನಗರದ ತನ್ನ ಚಿಕ್ಕಮ್ಮ ಕುಸುಮಳ ಟೈಲರಿಂಗ್ ಅಂಗಡಿಗೆ ಬಂದು ಇಷ್ಟನ್ನು ಹೇಳಿ ಬಟ್ಟೆಯ ರಾಶಿಯ ಮೇಲೆ ಕುಸಿದಳು. ಕುಸುಮ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. ಕುರುಬರಹಳ್ಳಿಯ ಅವರ ಮನೆತನದಲ್ಲಿ ಯಾರೂ ಇನ್ನೊಬ್ಬರ ತೋಟದ ಬದನೆಕಾಯಿ ಕೂಡ ಕಿತ್ತವರಲ್ಲ. ಅಂಥಾದ್ದರಲ್ಲಿ ಅಕ್ಕನ ಮಗಳು, ಚಿನ್ನದಂಥ ಹುಡುಗಿ, ಕಳ್ಳಿಯೇ?

"ಕೆಲಸ ಹೋದ್ರೆ ಹೋಗ್ಲಿ ಚಿಕ್ಕಮ್ಮ. ನಾಳೆ ಸಾಯಂಕಾಲದೊಳಗೆ ಒಪ್ಕೊಳ್ಳದೇ ಇದ್ರೆ ಪೊಲೀಸ್ ಕಂಪ್ಲೇಂಟ್ ಅಂತೆ. ನನ್ನ ಹೆಸರು ಬರ್ದೂ ಆಗಿದೆಯಂತೆ," ಎಂದು ಸ್ಪಂದನ ಬಿಕ್ಕಿದಳು.

"ಅವನ ಮನೆ ಹಾಳಾಗ! ಏಳೇ ಮೇಲೆ. ನಡಿ ಅಕ್ಕನ ಹತ್ರ," ಎಂದು ಕುಸುಮ ಅಂಗಡಿಯ ಷಟರ್ ಎಳೆದಳು.

ಅಕ್ಕ ಎಂದರೆ ಮಹಡಿಯ ಮೇಲಿದ್ದ ಅನಂತಲಕ್ಷ್ಮಿ. ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ಕಂಪ್ಯೂಟರ್ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ಆ ಬೀದಿಯಲ್ಲಿ ಏನೇ ಕಾಣೆಯಾದರೂ ಜನ ಮೊದಲು ಹತ್ತುತ್ತಿದ್ದದ್ದು ಅವರ ಮನೆಯ ಮೆಟ್ಟಿಲು. ಈವರೆಗೆ ಅವರು ಬಿಡಿಸಿದ ಆರು ಒಗಟುಗಳಲ್ಲೂ ಕುಸುಮ ಜೊತೆಗಿದ್ದಳು. ಆರರಲ್ಲೂ ಅವಳ ಊಹೆ ತಪ್ಪಾಗಿತ್ತು ಎನ್ನುವುದು ಬೇರೆ ಮಾತು.

ಅನಂತಲಕ್ಷ್ಮಿ ನೆನೆಸಿದ ಅವರೆಕಾಳನ್ನು ಹಿಸುಕುತ್ತಾ ಕೂತಿದ್ದರು. ಕೈ ನಿಲ್ಲಿಸದೆ, "ಅಳು ಆಮೇಲೆ ಕಣಮ್ಮ. ಮೊದಲಿಂದ ಹೇಳು. ಚಿಕ್ಕದು ಅಂತ ಯಾವುದನ್ನೂ ಬಿಡಬೇಡ," ಎಂದರು.

ಸ್ಪಂದನ ಹೇಳಿದಳು. ಮಹಾಲಕ್ಷ್ಮಿ ಲೇಔಟಿನ ರಾಗಿಣಿ ಎಂಬ ಹುಡುಗಿಗೂ ರಾಜಾಜಿನಗರದ ಶ್ರೀಶ ಎಂಬ ಹುಡುಗನಿಗೂ ಮದುವೆ ಗೊತ್ತಾಗಿತ್ತು. ಇಬ್ಬರಿಗೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸೋಣವೆಂದು ಹಿರಿಯರು ಮಾತಾಡಿಕೊಂಡು, ಸೋಮವಾರ ಬೆಳಿಗ್ಗೆ ಎರಡು ಮನೆಯವರೂ ಸ್ಪಂದನ ಕೌಂಟರಿನಲ್ಲಿದ್ದ ಲ್ಯಾಬಿಗೆ ಬಂದಿದ್ದರು. ಬಂದದ್ದೇ ಬಂದೆವು ಎಂದು ಹುಡುಗನ ತಂದೆ ವೆಂಕಟಗಿರಿ ಮತ್ತು ಅವರ ಹೆಂಡತಿ ತಾವೂ ಶುಗರ್ ಪರೀಕ್ಷೆಗೆ ರಕ್ತ ಕೊಟ್ಟರು.

"ನಮ್ಮಲ್ಲಿ ನಂಬರಿನ ಸ್ಟಿಕ್ಕರ್ ಸುರುಳಿ ಇರುತ್ತೆ ಆಂಟಿ. ಒಂದೊಂದೇ ಕಿತ್ತು ಚೀಟಿಗೆ, ರಕ್ತದ ಟ್ಯೂಬಿಗೆ ಅಂಟಿಸ್ತೀವಿ. ಅದೇ ರಿಪೋರ್ಟ್ ನಂಬರ್. ವೆಂಕಟಗಿರಿ ಸಾರ್‌ಗೆ 4010, ಅವರ ಮನೆಯವರಿಗೆ 4011, ಶ್ರೀಶ ಅವರಿಗೆ 4012. ಹಿಂದೆ ನಿಂತಿದ್ದ ರಾಗಿಣಿ ಅವರ ಚೀಟಿಗೆ 4013 ಅಂಟಿಸಿದೆ. ಶ್ರೀಶ ಅವರು ರಕ್ತ ಕೊಡೋಕೆ ಒಳಗೆ ಹೋದ್ರು. ಆಗ ರಾಗಿಣಿ ಅವರ ತಾಯಿ ಬೇಡವೇ ಬೇಡ ಅಂತ ಹಟ ಹಿಡಿದ್ರು."

"ಏನು ಬೇಡ?"

"ಆ ನಂಬರ್. ಕೂಡಿದ್ರೆ ಎಂಟು ಬರುತ್ತಲ್ಲ, ಶನಿ ಸಂಖ್ಯೆ ಅಂತೆ. ದಿನಕ್ಕೆ ನಾಲ್ಕು ಜನ ಹೀಗೆ ಕೇಳ್ತಾರೆ ಆಂಟಿ, ನಮಗೆ ಅಭ್ಯಾಸ ಆಗ್ಬಿಟ್ಟಿದೆ. ಹುಡುಗನ ತಾಯಿನೂ ಎಂಟು ಬೇಡಮ್ಮ ಅಂದ್ರು. ವೆಂಕಟಗಿರಿ ಸಾರ್ ಮೊದ್ಲು ನಕ್ಕರು, ಆಮೇಲೆ ಅವರೇ ಬೆರಳು ಮಡಚಿ ಲೆಕ್ಕ ಹಾಕಿ, 4014 ಕೊಡಿ, ಒಂಬತ್ತಾಗುತ್ತೆ ಅಂದ್ರು. 4013ನ್ನ ಹಿಂದೆ ಇದ್ದ ಹನುಮಂತಯ್ಯ ಅನ್ನೋ ತಾತನಿಗೆ ಕೊಟ್ಟೆ. ಶನಿ ನಂಗೆ ಹಳೇ ಸ್ನೇಹಿತ, ಅಂಟಿಸು ಮಗಳೇ ಅಂದ್ರು."

ಅನಂತಲಕ್ಷ್ಮಿ ನಗಲಿಲ್ಲ. "ಮುಂದೆ?"

ಮುಂದಿನದು ನಗುವಂಥದ್ದೇನೂ ಆಗಿರಲಿಲ್ಲ. ರಾಗಿಣಿಗೆ ಚಿಕ್ಕಂದಿನಿಂದ ಫಿಟ್ಸ್ ಇತ್ತು. ಮಾತ್ರೆಯಿಂದ ಹತೋಟಿಗೆ ಬಂದಿದ್ದರೂ ಆರು ತಿಂಗಳಿಗೊಮ್ಮೆ ರಕ್ತದಲ್ಲಿ ಆ ಮಾತ್ರೆಯ ಪ್ರಮಾಣ ನೋಡಿಸಬೇಕಿತ್ತು. ಒಂದೇ ಸೂಜಿಯಲ್ಲಿ ಎರಡೂ ಆಗಿಹೋಗಲಿ ಎಂದು ಅವಳ ತಾಯಿ ಕೌಂಟರಿನಲ್ಲಿ ಗುಟ್ಟಾಗಿ ಆ ಪರೀಕ್ಷೆಯನ್ನೂ ಬರೆಸಿದ್ದರು. ಬುಧವಾರ ಹನ್ನೊಂದು ಗಂಟೆಗೆ ಯಾವುದೋ ಗುರುತಿಲ್ಲದ ನಂಬರಿನಿಂದ ವೆಂಕಟಗಿರಿಯವರ ವಾಟ್ಸಾಪಿಗೆ ಆ ರಿಪೋರ್ಟಿನ ಚಿತ್ರ ಬಂತು. ಜೊತೆಗೆ ಎರಡು ಸಾಲು: 'ಹುಡುಗಿಗೆ ಫಿಟ್ಸ್ ಇದೆ. ಲ್ಯಾಬಿನವರು ಹೇಳುತ್ತಿದ್ದೇವೆ.' ಸಂಜೆಯೊಳಗೆ ಮದುವೆ ಮುರಿದುಬಿತ್ತು. ಆ ನಂಬರು ಅವತ್ತಿನಿಂದ ಸ್ವಿಚ್ ಆಫ್.

"ರಿಪೋರ್ಟನ್ನ ಪ್ರಿಂಟ್ ತೆಗೆದವಳು ನಾನೊಬ್ಬಳೇ ಅಂತ ಕಂಪ್ಯೂಟರಲ್ಲಿದೆ. ಅದಕ್ಕೇ ನಾನೇ ಕದ್ದಿದ್ದು ಅಂತಾರೆ. ಬ್ಯಾಗಲ್ಲಿ ಹುಡುಕಿದ್ದೂ ಅದರ ಕಾಪಿನೇ," ಎಂದು ಸ್ಪಂದನ ಮುಗಿಸಿದಳು. ಯಾರ ಕೆಲಸ ಇದು ಎಂದು ಸಿದ್ದಲಿಂಗೇಶ್ ಲ್ಯಾಬಿನವರಿಗೆಲ್ಲ ಕಳಿಸಿದ್ದ ಆ ಚಿತ್ರ ಅವಳ ಫೋನಿಗೂ ಬಂದಿತ್ತು.

ಅನಂತಲಕ್ಷ್ಮಿ ಕೈ ಒರೆಸಿಕೊಂಡು ಚಿತ್ರವನ್ನು ಹಿಗ್ಗಿಸಿ ನೋಡಿದರು. "ನೀನು ಪ್ರಿಂಟ್ ಕೊಟ್ಟಾಗ ಡಾಕ್ಟರ ಸಹಿ, ಮೊಹರು ಇರುತ್ತಾ?"

"ಇಲ್ಲದೇ ಕೊಡೋ ಹಾಗೇ ಇಲ್ಲ ಆಂಟಿ. ಕವರಿಗೆ ಹಾಕೋಕೆ ಮುಂಚೆನೇ ಡಾಕ್ಟ್ರು ಮಾಡ್ತಾರೆ."

"ಇದರಲ್ಲಿ ಎರಡೂ ಇಲ್ಲ. ಮೂಲೆಯಲ್ಲಿ ಬ್ಯಾಟರಿ ಗುರುತು ಬೇರೆ ಇದೆ. ಇದು ಕಾಗದದ ಫೋಟೊ ಅಲ್ಲ, ಫೋನಿನಲ್ಲಿ ಲ್ಯಾಬಿನ ವೆಬ್‌ಸೈಟ್ ತೆಗೆದು ಹಿಡಿದ ಚಿತ್ರ," ಎಂದ ಅನಂತಲಕ್ಷ್ಮಿ, ತಟ್ಟನೆ ಕುಸುಮಳ ಕಡೆ ತಿರುಗಿದರು. "ಕುಸುಮಾ, ಹೋದ ತಿಂಗಳು ನಾವಿಬ್ಬರೂ ಅಲ್ಲೇ ಅಲ್ವೇನೇ ರಕ್ತ ಕೊಟ್ಟಿದ್ದು? ನಿನ್ನ ರಿಪೋರ್ಟ್ ನಾನು ನೋಡಬಹುದಾ?"

"ನಿಮ್ಮ ಹತ್ರ ಏನಕ್ಕಾ ಮುಚ್ಚುಮರೆ. ಮನೇಲಿದೆ, ತರ್ತೀನಿ."

"ತರೋದು ಬೇಡ. ರಿಪೋರ್ಟ್ ನಂಬರ್ ಹೇಳು ಸಾಕು, ಫೋನಿಗೆ ಮೆಸೇಜ್ ಬಂದಿರುತ್ತೆ."

ಅವರು ತಮ್ಮ ಮೊಬೈಲ್ ನಂಬರ್ ಕೊಟ್ಟು, ಬಂದ ಓಟಿಪಿ ಹಾಕಿ ಲ್ಯಾಬಿನ ಸೈಟಿನ ಒಳಗೆ ಹೋದರು. ಅವರ ಶುಗರ್ ರಿಪೋರ್ಟ್ ತೆರೆಯಿತು. ಪರದೆಯ ಮೇಲ್ತುದಿಯಲ್ಲಿ ಸೈಟಿನ ವಿಳಾಸದ ಸಾಲಿನ ಕೊನೆಗೆ ಅವರ ರಿಪೋರ್ಟ್ ನಂಬರಿತ್ತು. ಅದನ್ನು ಅಳಿಸಿ ಕುಸುಮಳ ನಂಬರ್ ಬರೆದು ಒತ್ತಿದರು. ಕಣ್ಣು ಮಿಟುಕಿಸುವುದರೊಳಗೆ ಪರದೆಯ ಮೇಲೆ ಕುಸುಮಳ ಹೆಸರು, ಅವಳ ಥೈರಾಯ್ಡಿನ ಪ್ರಮಾಣ, ವಯಸ್ಸು ನಲವತ್ತೇಳು!

"ಅಯ್ಯೋ ಶಿವನೇ!" ಎಂದು ಕುಸುಮ ಎದೆ ಹಿಡಿದುಕೊಂಡಳು. ಬೀದಿಗೆಲ್ಲ ನಲವತ್ತೆರಡು ಎಂದು ಹೇಳಿಕೊಂಡು ತಿರುಗುತ್ತಿದ್ದವಳು ಅವಳು. "ನನ್ನ ಫೋನಿಗೆ ಓಟಿಪಿನೇ ಬರ್ಲಿಲ್ಲ. ನಿಮ್ಮ ಫೋನಲ್ಲಿ ನನ್ನ ರಿಪೋರ್ಟ್ ಹೆಂಗಕ್ಕಾ?"

"ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್ ಇದೆಯಲ್ಲ, ಹಾಗೆ ತಿಳ್ಕೋ. ನಿನ್ನ ಕೈಯಲ್ಲಿ ಟೋಕನ್ ಇದೆಯಾ ಅಂತ ಮಾತ್ರ ನೋಡ್ತಾನೆ. ಆಮೇಲೆ ನೀನು ಬಾಯಲ್ಲಿ ಯಾವ ನಂಬರ್ ಹೇಳಿದ್ರೂ ಆ ಚಪ್ಪಲಿ ತೆಗೆದು ಕೊಡ್ತಾನೆ. ಟೋಕನ್ನಿನ ನಂಬರೂ ನೀನು ಹೇಳಿದ ನಂಬರೂ ಒಂದೇನಾ ಅಂತ ನೋಡಲ್ಲ. ಈ ಸೈಟೂ ಅಷ್ಟೇ. ಹೊರಗಿನವರು ಬರೆದದ್ದನ್ನ ಪರೀಕ್ಷೆ ಮಾಡದೇ ನಂಬಿಬಿಡುತ್ತೆ."

ಕುಸುಮ ಕಿಟಕಿಯಿಂದ ಬೀದಿಯ ಕಡೆ ನೋಡಿದಳು. ಈ ಸುತ್ತಿನಲ್ಲಿ ಆ ಲ್ಯಾಬಿಗೆ ರಕ್ತ ಕೊಡದವರು ಯಾರಿದ್ದರು? ಯಾರ ಮನೆಯ ಯಾವ ಕಾಯಿಲೆಯಾದರೂ ಯಾರಿಗಾದರೂ ಕಾಣುತ್ತಿತ್ತು ಎಂದ ಹಾಗಾಯಿತು.

ಮೂವರೂ ನೆಟ್ಟಗೆ ಲ್ಯಾಬಿಗೆ ಹೋದರು. ಸಿದ್ದಲಿಂಗೇಶ್ ಸ್ಪಂದನಳನ್ನು ಕಂಡು ಹುಬ್ಬು ಗಂಟಿಕ್ಕಿದರು. ಆಮೇಲೆ ಅನಂತಲಕ್ಷ್ಮಿ ಫೋನಿನಲ್ಲಿ ತೋರಿಸಿದ್ದನ್ನು ಕಂಡು ಅವರ ಮುಖ ಬಿಳಚಿಕೊಂಡಿತು.

"ಕೂತ್ಕೊಳಿ ಮೇಡಂ, ಕಾಫಿ ತರಿಸ್ತೀನಿ," ಎಂದು ತಡವರಿಸಿದರು.

"ಮೊದಲು ಸೈಟ್ ನಿಲ್ಲಿಸಿ. ಈಗಲೇ, ನನ್ನೆದುರಿಗೇ ಫೋನ್ ಮಾಡಿ. ಜನ ಕೌಂಟರಿಗೇ ಬಂದು ರಿಪೋರ್ಟ್ ತಗೊಳ್ಳಲಿ. ಎರಡನೇದು, ಸೋಮವಾರದಿಂದ ಇಲ್ಲೀವರೆಗೂ ಯಾವ ಮೊಬೈಲಿನಿಂದ ಯಾವ ರಿಪೋರ್ಟ್ ತೆಗೆದಿದ್ದಾರೆ ಅನ್ನೋ ದಾಖಲೆ ಸೈಟ್ ಮಾಡಿಕೊಟ್ಟವರ ಹತ್ತಿರ ಇರುತ್ತೆ. ನೀವು ನೋಡಿರೋದು ಪ್ರಿಂಟ್ ತೆಗೆದವರ ಪಟ್ಟಿ ಮಾತ್ರ. ಆ ದಾಖಲೆ ತರಿಸಿ."

"ದಾರಿ ಇತ್ತು ಅಂದ ಮಾತ್ರಕ್ಕೆ ಇವಳಲ್ಲ ಅಂತ ಹೇಗೆ ಮೇಡಂ?"

ಕುಸುಮಳಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ಬಿಡುವಷ್ಟರಲ್ಲಿ ಅನಂತಲಕ್ಷ್ಮಿ ಅವಳ ಕೈ ಅದುಮಿದರು. "ಹಾಗಂತ ನಾನೂ ಹೇಳಿಲ್ಲವಲ್ಲ. ದಾಖಲೆ ತರಿಸಿ. ನಾಳೆ ನಾಲ್ಕು ಗಂಟೆಗೆ ಎರಡೂ ಮನೆಯವರನ್ನ ಇಲ್ಲಿಗೇ ಕರೆಸಿ."

ಸಂಜೆ ದಾಖಲೆಯ ಹಾಳೆ ಬಂತು. ಅನಂತಲಕ್ಷ್ಮಿಯವರು ಅದನ್ನು ಕುಸುಮಳ ಮುಂದಿಟ್ಟರು. ಬುಧವಾರ ಬೆಳಿಗ್ಗೆ 7:12ಕ್ಕೆ ಯಾರೋ ಒಳಗೆ ಬಂದಿದ್ದರು. ಮೊದಲು 4012 ತೆಗೆದಿದ್ದರು. ಆಮೇಲೆ 4013, ನಾಲ್ಕು ಸೆಕೆಂಡು. ಆಮೇಲೆ 4014, ಆರು ನಿಮಿಷ. ಬಂದದ್ದು ವೆಂಕಟಗಿರಿಯವರ ಮೊಬೈಲ್ ನಂಬರಿನಿಂದ.

ಕುಸುಮ ಬೆಚ್ಚಿಬಿದ್ದಳು. "ಹುಡುಗನ ಅಪ್ಪನಾ! ತಾವೇ ರಿಪೋರ್ಟ್ ಕದ್ದು, ತಮ್ಮ ಫೋನಿಗೇ ಕಳಿಸಿಕೊಂಡು, ಏನೂ ಗೊತ್ತಿಲ್ಲದ ಹಾಗೆ ಕೂಗಾಡಿದ್ರಾ? ಎಂಥಾ ನಾಟಕ!"

"ನಿನ್ನ ಏಳನೇ ತಪ್ಪು ಊಹೆ ಇದು. ಸ್ಪಂದನ ಬೆಳಿಗ್ಗೆ ಹೇಳಿದ್ದನ್ನೆಲ್ಲ ಮತ್ತೆ ಒಂದು ಸಲ ನೆನಪು ಮಾಡ್ಕೋ," ಎಂದು ಅನಂತಲಕ್ಷ್ಮಿ ಹಾಳೆ ಮಡಚಿದರು. ಅದಕ್ಕಿಂತ ಹೆಚ್ಚು ಒಂದಕ್ಷರ ಹೊರಡಲಿಲ್ಲ. ಕುಸುಮ ಅವತ್ತು ಒಂದು ಬ್ಲೌಸಿಗೆ ಎರಡೂ ತೋಳು ಎಡಗೈಯವೇ ಹೊಲಿದಿಟ್ಟಳು.

ಶನಿವಾರ ನಾಲ್ಕಕ್ಕೆ ಲ್ಯಾಬಿನ ಬಾಗಿಲು ಅರ್ಧ ಮುಚ್ಚಿತ್ತು. ಒಂದು ಕಡೆಯ ಕುರ್ಚಿಗಳಲ್ಲಿ ವೆಂಕಟಗಿರಿ, ಅವರ ಹೆಂಡತಿ, ಮಗ ಶ್ರೀಶ. ವಿಜಯನಗರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಶ್ರೀಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೋಡಿದರೆ ಯಾರ ಮನೆಯವರಾದರೂ ಅಳಿಯ ಮಾಡಿಕೊಳ್ಳಬೇಕು ಅನ್ನುವ ಹಾಗಿದ್ದ. ಎದುರಿಗೆ ರಾಗಿಣಿ ಮತ್ತು ಅವಳ ತಂದೆತಾಯಿ. ತಂದೆಯ ಜೇಬಿನಲ್ಲಿ ಸ್ಪಂದನಳ ಹೆಸರು ಬರೆದ ದೂರಿನ ಕಾಗದ ಇಣುಕುತ್ತಿತ್ತು. ಸ್ಪಂದನ ತನ್ನದೇ ಕೌಂಟರಿನ ಪಕ್ಕ ಪರಕೀಯಳಂತೆ ನಿಂತಿದ್ದಳು. ಸಿದ್ದಲಿಂಗೇಶ್ ಹಣೆ ಒರೆಸಿಕೊಳ್ಳುತ್ತಲೇ ಇದ್ದರು.

ಅನಂತಲಕ್ಷ್ಮಿ ಮೊದಲು ಸಹಿಯಿಲ್ಲದ ಚಿತ್ರದ ವಿಷಯ ಹೇಳಿದರು. ಆಮೇಲೆ ಚಪ್ಪಲಿ ಸ್ಟ್ಯಾಂಡಿನ ಮಾತು. ಆಮೇಲೆ ದಾಖಲೆಯ ಹಾಳೆಯನ್ನು ವೆಂಕಟಗಿರಿಯವರ ಕೈಗಿತ್ತರು.

"ಇದು ನನ್ನ ನಂಬರು!" ವೆಂಕಟಗಿರಿ ಎದ್ದೇ ನಿಂತರು. "ಏನ್ರೀ ಇದು? ನಾನು ಈ ಸೈಟ್ ಮುಟ್ಟೇ ಇಲ್ಲ. ನನಗೆ ಅದು ಬರೋದೂ ಇಲ್ಲ."

"ನಂಬ್ತೀನಿ, ಕೂತ್ಕೊಳಿ. ನಿಮ್ಮ ಮನೆಯಲ್ಲಿ ಯಾರ ಪರೀಕ್ಷೆಯಾದ್ರೂ ಬರೆಸೋದು ನಿಮ್ಮ ಮೊಬೈಲ್ ನಂಬರನ್ನೇ. ಗ್ಯಾಸಿಗೂ ಅದೇ, ಕರೆಂಟಿಗೂ ಅದೇ. ಬಹಳ ಮನೆಗಳಲ್ಲಿ ಹೀಗೇ. ಆದ್ರಿಂದ ಮೂವರ ರಿಪೋರ್ಟೂ ಆ ಒಂದು ನಂಬರಿಗೇ ಸೇರಿತ್ತು. ಬೆಳಿಗ್ಗೆ ಏಳೂಕಾಲಿಗೆ ನೀವೇನ್ ಮಾಡ್ತಿರ್ತೀರಿ?"

"ಸ್ನಾನ, ಪೂಜೆ. ಎಂಟರವರೆಗೂ ದೇವರ ಮುಂದಿಂದ ಏಳಲ್ಲ."

"ಫೋನು?"

"ಹಾಲ್‌ನಲ್ಲಿ ಚಾರ್ಜಿಗಿಟ್ಟಿರ್ತೀನಿ." ಹೇಳುತ್ತಾ ಹೇಳುತ್ತಾ ಅವರ ದನಿ ಇಳಿಯಿತು.

"ಅಂದ್ರೆ ಓಟಿಪಿ ನೋಡಿದವರು ಮನೆಯೊಳಗಿದ್ದವರು. ಈಗ ಹಾಳೆ ನೋಡಿ. 4014 ತೆಗೆಯೋಕೆ ಮುಂಚೆ ಯಾಕೆ 4013 ತೆಗೆದ್ರು? ಅಲ್ಲಿದ್ದದ್ದು ಹನುಮಂತಯ್ಯ ಅನ್ನೋ ಹಿರಿಯರ ಶುಗರ್. ನಾಲ್ಕು ಸೆಕೆಂಡಿನಲ್ಲಿ ತಪ್ಪು ಗೊತ್ತಾಗಿ ಮುಂದೆ ಹೋದ್ರು. ರಾಗಿಣಿಯದು 4013 ಅಂತಲೇ ನಂಬಿದ್ದವರು ಅವರು. ವೆಂಕಟಗಿರಿಯವರೇ, 4014 ಕೊಡಿ ಅಂತ ಲೆಕ್ಕ ಹಾಕಿ ಹೇಳಿದ್ದೇ ನೀವು. ನಿಮ್ಮ ಮನೆಯವರು ಎಂಟು ಬೇಡ ಅಂದವರು. ನಿಮ್ಮಿಬ್ಬರಲ್ಲಿ ಯಾರೇ ಆಗಿದ್ರೂ ನೇರ 4014 ತೆಗೀತಿದ್ರಿ. 4013 ಅಂಟಿಸಿದ್ದನ್ನ ನೋಡಿ, ಅದನ್ನ ಕಿತ್ತು ಬದಲಾಯಿಸಿದ್ದನ್ನ ನೋಡದೇ ಇದ್ದವರು ಒಬ್ಬರೇ. ಆ ಹೊತ್ತಿನಲ್ಲಿ ಅವರು ಒಳಗೆ ತೋಳು ಚಾಚಿ ರಕ್ತ ಕೊಡ್ತಾ ಇದ್ರು."

ಎಲ್ಲರ ಕಣ್ಣೂ ಶ್ರೀಶನ ಮೇಲೆ ನಿಂತವು. ಮದುವೆಯ ಗಂಡೇ! ಕುಸುಮಳಿಗೆ ಕನಸಿನಲ್ಲೂ ಇದು ಹೊಳೆದಿರಲಿಲ್ಲ.

"ಸುಮ್ನೆ ಊಹೆ ಇದು," ಎಂದ ಶ್ರೀಶ. "ನಾನ್ಯಾಕೆ ನೋಡ್ಲಿ? ಅದರಲ್ಲಿ ಏನಿದೆ ಅಂತ ನಂಗೆ ಹೆಂಗೆ ಗೊತ್ತಿರುತ್ತೆ?"

"ಒಳ್ಳೇ ಪ್ರಶ್ನೆ. ರಿಪೋರ್ಟಿನಲ್ಲಿ ಫಿಟ್ಸ್ ಅನ್ನೋ ಮಾತೇ ಇಲ್ಲ. ಒಂದು ಔಷಧದ ಹೆಸರಿದೆ, ಒಂದು ಅಂಕಿ ಇದೆ. ಹುಡುಕಬೇಕಾದ್ದು ಏನೋ ಅಲ್ಲಿದೆ ಅಂತ ಕಳಿಸಿದವರಿಗೆ ಮೊದಲೇ ಗೊತ್ತಿತ್ತು. ಇನ್ನೊಂದು, ನಿಜವಾಗಿ ಲ್ಯಾಬಿನವರು ಕಳಿಸಿದ್ರೆ ನಾವು ಲ್ಯಾಬಿನವರು ಅಂತ ತಾವೇ ಬರೆದು ಸಿಕ್ಕಿಬೀಳ್ತಾರಾ?" ಅನಂತಲಕ್ಷ್ಮಿ ರಾಗಿಣಿಯ ತಾಯಿಯ ಕಡೆ ತಿರುಗಿದರು. "ಮನೆಯಿಂದ ಹೊರಗೆ ಈ ವಿಷಯ ಯಾರಿಗಾದ್ರೂ ಗೊತ್ತಿತ್ತಾಮ್ಮ?"

"ನರಪಿಳ್ಳೆಗೂ ಗೊತ್ತಿರಲಿಲ್ಲ," ಎಂದರು ತಾಯಿ.

"ಒಬ್ಬರಿಗೆ ಗೊತ್ತಿತ್ತು ಅಮ್ಮ."

ರಾಗಿಣಿ ಅಲ್ಲಿಯವರೆಗೆ ತಲೆ ಎತ್ತಿರಲಿಲ್ಲ. ಈಗ ಶ್ರೀಶನನ್ನೇ ನೋಡುತ್ತಾ ಹೇಳಿದಳು. "ಅಪ್ಪ, ಅಮ್ಮ, ನೀವಿಬ್ಬರೂ ಹೇಳಬೇಡ ಅಂದಿದ್ರಿ. ಮುಚ್ಚಿಟ್ಟು ಮದುವೆ ಆಗೋಕೆ ನನಗೆ ಮನಸ್ಸು ಬರಲಿಲ್ಲ. ಮೊದಲನೇ ಸಲ ಪಾರ್ಕಿನಲ್ಲಿ ಕೂತು ಮಾತಾಡಿದಾಗಲೇ ಇವರಿಗೆ ಎಲ್ಲಾ ಹೇಳ್ದೆ. ಅದೇನು ಮಹಾ ವಿಷಯ, ನಾನಿದ್ದೀನಿ ಅಂದ್ರು. ಸೋಮವಾರ ಇಲ್ಲಿ ಮಾತ್ರೆಯ ಪರೀಕ್ಷೆಗೂ ರಕ್ತ ಕೊಡ್ತೀನಿ ಅಂತ ಹೇಳಿದಾಗ ಧೈರ್ಯವಾಗಿರು ಅಂದ್ರು." ಅವಳು ಒಮ್ಮೆ ಕಣ್ಣೊರೆಸಿಕೊಂಡಳು. "ಶ್ರೀಶ, ಬೇಡ ಅಂದಿದ್ರೆ ಸಾಕಿತ್ತು. ನಾನು ಒಂದು ಮಾತೂ ಆಡ್ತಿರಲಿಲ್ಲ."

ಕುಸುಮ ಶ್ರೀಶನನ್ನು ದುರುಗುಟ್ಟಿ ನೋಡಿದಳು. ಕದ್ದು ನೋಡಿದ್ದಕ್ಕಿಂತ ಇದು ದೊಡ್ಡ ಪೆಟ್ಟಾಗಿತ್ತು. ನಂಬಿ ಹೇಳಿದ ಮಾತನ್ನು ಯಾರಾದರೂ ಹೀಗೆ ಮಾಡುತ್ತಾರೆಯೇ?

ಶ್ರೀಶ ಕೊನೆಗೂ ಬಾಯಿ ಬಿಟ್ಟ. "ಆಮೇಲಾಮೇಲೆ ಭಯ ಆಯ್ತು. ಒಲ್ಲೆ ಅಂದ್ರೆ ಅಪ್ಪ ಕಾರಣ ಕೇಳ್ತಾರೆ. ಕಾರಣ ಹೇಳಿದ್ರೆ ಮಾತು ಕೊಟ್ಟು ತಪ್ಪಿದವನು ನಾನಾಗ್ತೀನಿ. ಬೇರೆ ಕಡೆಯಿಂದ ಗೊತ್ತಾದ್ರೆ ಯಾರಿಗೂ ಏನೂ..."

"ಯಾರಿಗೂ ಏನೂ ಇಲ್ವಾ?" ಕುಸುಮ ಎದ್ದು ನಿಂತಿದ್ದು ಅವಳಿಗೇ ತಿಳಿಯಲಿಲ್ಲ. "ನಮ್ಮ ಹುಡುಗಿ ಕಳ್ಳಿ ಆದ್ಲಲ್ಲಪ್ಪಾ! ಅವಳು ಯಾರಿಗೂ ಲೆಕ್ಕಕ್ಕೇ ಇಲ್ವಾ?"

ವೆಂಕಟಗಿರಿ ಮಗನ ಮುಖ ನೋಡಲಿಲ್ಲ. ರಾಗಿಣಿಯ ತಂದೆಯ ಮುಂದೆ ಬಂದು ಕೈಮುಗಿದರು. "ತಪ್ಪಾಯ್ತು. ಎಷ್ಟು ಹೇಳಿದ್ರೂ ಸಾಲದು. ಆದ್ರೆ ಈ ವಿಷಯ ಈ ನಾಲ್ಕು ಗೋಡೆ ಒಳಗೇ ಮುಗಿದುಹೋಗ್ಲಿ. ಅವನ ಕೆಲಸ ಇದೆ, ನಿಮ್ಮ ಮಗಳ ಮುಂದಿನ ಮದುವೆ ಇದೆ."

"ಅದೇ ಒಳ್ಳೇದು," ಎಂದು ಸಿದ್ದಲಿಂಗೇಶ್ ದಡಬಡಿಸಿ ಹೇಳಿದರು. "ಸೈಟಂತೂ ನಿಲ್ಲಿಸಿದ್ದೀನಿ. ಸ್ಪಂದನ, ನೀನು ಸೋಮವಾರ ಬಾಮ್ಮ, ಏನೂ ಆಗಿಲ್ಲ ಅಂದ್ಕೋ."

ರಾಗಿಣಿಯ ತಾಯಿಯೂ ತಲೆಯಾಡಿಸಿದರು. ಮದುವೆಯಾಗದ ಹುಡುಗಿಯ ಹೆಸರು ಠಾಣೆಯಲ್ಲಿ ಬರುವುದು ಯಾರಿಗೆ ಬೇಕಿತ್ತು? ದೂರಿನ ಕಾಗದ ತಂದೆಯ ಜೇಬಿನೊಳಕ್ಕೆ ಇನ್ನಷ್ಟು ಇಳಿಯಿತು. ಕುಸುಮ ದಿಕ್ಕುತೋಚದೆ ಅನಂತಲಕ್ಷ್ಮಿಯವರ ಕಡೆ ನೋಡಿದಳು. ಎಲ್ಲ ಹಂತವನ್ನೂ ಬಿಡಿಸಿ ಹೇಳಿ ಆಗಿತ್ತು. ಉಳಿದದ್ದು ಅವರ ಕೈಯಲ್ಲಿರಲಿಲ್ಲ.

"ಇಲ್ಲಿರೋ ಒಂಬತ್ತು ಜನಕ್ಕೆ ನಾನು ಕಳ್ಳಿ ಅಲ್ಲ ಅಂತ ಗೊತ್ತಾಯ್ತು ಸಾರ್," ಎಂದಳು ಸ್ಪಂದನ ಮೆಲ್ಲಗೆ. "ಹೊರಗಡೆ?"

ಸಿದ್ದಲಿಂಗೇಶ್ ಮತ್ತೆ ಹಣೆ ಒರೆಸಿಕೊಂಡರು.

ರಾಗಿಣಿ ಎದ್ದು ಕೌಂಟರಿಗೆ ಹೋಗಿ ಒಂದು ಬಿಳಿ ಹಾಳೆ ಕೇಳಿದಳು. ಸ್ಪಂದನ ಕೊಟ್ಟಳು. ಅವಳು ನಿಂತೇ ಬರೆದಳು, ಹತ್ತು ನಿಮಿಷ. ಶ್ರೀಶನ ಹೆಸರು ಬರೆದಳು, ಎಲ್ಲರ ರಿಪೋರ್ಟೂ ಬಯಲಲ್ಲಿ ಬಿಟ್ಟಿದ್ದ ಲ್ಯಾಬಿನ ಹೆಸರನ್ನೂ ಬರೆದಳು, ಕೆಳಗೆ ಸಹಿ ಹಾಕಿದಳು.

"ಬೇಡ ಕಣೇ, ಜನ ಏನಂದಾರು!" ಎಂದು ತಾಯಿ ಕೈ ಹಿಡಿಯಹೋದರು.

"ಫಿಟ್ಸ್ ಇದೆ ಅಂತಾರೆ ಅಮ್ಮ. ಇದೆಯಲ್ಲ. ಹೇಳ್ಕೊಳ್ಳಲಿ," ಎಂದ ರಾಗಿಣಿ ಸ್ಪಂದನಳ ಕಡೆ ತಿರುಗಿದಳು. "ಆ ಮೊದಲನೇ ದೂರು ಬರೆಸಿದ್ದು ನಾನೇ. ನಿಂದೇ ಕೆಲಸ ಅಂತ ನಾನೂ ನಂಬಿದ್ದೆ. ತಪ್ಪಾಯ್ತು." ಬರೆದ ಹಾಳೆಯನ್ನು ಮಡಚಿಕೊಂಡಳು. "ನಿಂಗೆ ಸ್ಕೂಟರ್ ಬರುತ್ತಾ?"

"ಬರುತ್ತೆ."

"ನಾನು ಗಾಡಿ ಓಡಿಸಬಾರದು ಅಂತ ಡಾಕ್ಟ್ರು ಹೇಳಿದಾರೆ. ಅಪ್ಪನ ಗಾಡಿ ಹೊರಗಿದೆ. ನನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತೀಯಾ?"

ಕುಸುಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಅಳು ತಡೆಯಲಾಗಲಿಲ್ಲ. ಸ್ಪಂದನ ಹೂಂ ಅಂದಳು. ಇಬ್ಬರೂ ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ರಾಗಿಣಿಯ ತಂದೆ ಎದ್ದರು. ತಡೆಯುತ್ತಾರೆ ಎಂದುಕೊಂಡಳು ಕುಸುಮ. ಅವರು ಜೇಬಿನಿಂದ ಹಳೆಯ ಕಾಗದ ತೆಗೆದು ಹರಿದು ಹಾಕಿದರು, ಗಾಡಿಯ ಕೀಲಿಯನ್ನು ಸ್ಪಂದನಳ ಕೈಗೆ ಕೊಟ್ಟರು.

"ಇಬ್ಬರೂ ಹೆಲ್ಮೆಟ್ ಹಾಕ್ಕೊಳ್ರಮ್ಮ," ಎಂದರು. "ನಾನು ಹಿಂದೇನೇ ಆಟೋ ಹಿಡ್ಕೊಂಡು ಬರ್ತೀನಿ."